ಅದುಮಿ ಕಳಿಸಿದ್ದು

ನನಗೆ ದೊಡ್ಡ ಗಂಟಿಗಿಂತ ಸಣ್ಣ ಗಂಟನ್ನು ಕಂಡರೆ ಹೆಚ್ಚು ಭಯ. ದೊಡ್ಡದರಲ್ಲಿ ಏನಿದೆಯೆಂದು ಹೊರಗಿನಿಂದಲೇ ತಿಳಿಯುತ್ತದೆ. ಸಣ್ಣದರಲ್ಲಿ ಏನೇನು ಅದುಮಿಟ್ಟಿದ್ದಾರೋ, ಬಿಚ್ಚಿದಾಗ ಎಷ್ಟು ಮುರಿದಿರುತ್ತದೋ, ದೇವರೇ ಬಲ್ಲ.

ಹೋದ ಭಾನುವಾರ ಮಧ್ಯಾಹ್ನ ಮೊಮ್ಮಗಳು ಸಂಧ್ಯಾ ಅಂಥದೇ ಒಂದು ಗಂಟಿನ ಸುದ್ದಿ ತೆಗೆದಳು. ಅವಳು ಕಂಪ್ಯೂಟರ್ ಆಫೀಸು ಸೇರಿ ಮೂರು ತಿಂಗಳು. ಕೆಲಸ ಇನ್ನೂ ಖಾಯಂ ಆಗಿಲ್ಲ. ಅವಳು ಮಾಡಿದ್ದನ್ನೆಲ್ಲ ಸೋಮವಾರ ಪುಣೆಯ ಗಿರಾಕಿಯ ಮುಂದೆ ತೆರೆಯಬೇಕು. ತೆರೆದರೆ ನೌಕರಿ, ಇಲ್ಲದಿದ್ದರೆ ಮನೆ. ಅಷ್ಟೂ ಒಂದು ಫ್ಲಾಪಿಯಲ್ಲಿ ಹಿಡಿಯಲಿಲ್ಲವಂತೆ. ಕಂಪ್ಯೂಟರಿನಿಂದಲೇ ಅದನ್ನು ಅದುಮಿಸಿ, ಅರ್ಧಕ್ಕಿಳಿಸಿ, ಪುಣೆಗೆ ಹೊರಡಲಿದ್ದ ಆಫೀಸಿನ ದೇಸಾಯಿಯವರ ಕೈಗೆ ಕೊಟ್ಟು ಬಂದಿದ್ದಳು.

“ಅಕ್ಷರ ಮುರಿದುಹೋದ್ರೆ ಏನೇ ಗತಿ?”

“ಟೆನ್ಶನ್ ಮತ್ ಲೋ, ಹೆದರ್ಬೇಡ ಅಜ್ಜಿ. ಒಂದೇ ಮಾತು ನೂರು ಸಲ ಬಂದ್ರೆ ಒಂದು ಸಲ ಬರ್ದು, ಬಾಕಿ ಕಡೆ ಬರೀ ನಿಶಾನಿ ಹಾಕತ್ತೆ. ಬಸ್.”

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಅದುಮುವುದು ನನಗೇನೂ ಹೊಸದಲ್ಲ. ನಮ್ಮೂರಲ್ಲಿ ಗಮಕಿ ಒಂದು ಪದ್ಯ ಹಾಡಿದರೆ ಪಕ್ಕದಲ್ಲಿ ಕೂತವರು ಅರ್ಧ ಗಂಟೆ ಅದರ ಅರ್ಥ ಬಿಡಿಸುತ್ತಿದ್ದರು. ಅರ್ಥ ಬಿಡಿಸುವವರು ಬಾರದ ದಿನ ನಾವು ಆಕಳಿಸುತ್ತಿದ್ದೆವು. ಸಂಡಿಗೆಯದೂ ಅದೇ ಕತೆ. ದೊಡ್ಡ ಪಾತ್ರೆಯ ಹಿಟ್ಟು ಮುಂಬಯಿಯ ಈ ಘಾಟ್ಕೋಪರಿನ ತಾರಸಿಯಲ್ಲಿ ಒಣಗಿ ಒಂದು ಡಬ್ಬಿಯಾಗುತ್ತದೆ, ಕಾದ ಎಣ್ಣೆ ಕಂಡರೆ ಮತ್ತೆ ಅರಳುತ್ತದೆ. ಒಮ್ಮೆ ಕೆಳಗಿನ ಮನೆಯ ಪಂಜಾಬಿ ಹೆಂಗಸಿಗೆ ಒಂದು ಡಬ್ಬಿ ಕೊಟ್ಟೆ. ಅವಳು ಅದನ್ನು ತಮ್ಮ ಕಡೆಯ ವಡಿ ಎಂದುಕೊಂಡು ಆಲೂಗಡ್ಡೆಯ ರಸಕ್ಕೆ ಹಾಕಿ ಕುದಿಸಿದಳು. ಗಂಜಿಯಾಯಿತು. ತಪ್ಪು ಅವಳದಲ್ಲ. ಕರಿಯಬೇಕೆಂದು ನಾನು ಹೇಳಿರಲಿಲ್ಲ.

ಅದು ನೆನಪಾಗಿ ಕೇಳಿದೆ, “ಅಲ್ಲಿ ಬಿಚ್ಚೋದು ಗೊತ್ತಿರೋರು ಇದಾರೇನೇ?”

ಹುಡುಗಿ ಪರ್ಸಿಗೆ ಕೈ ಹಾಕಿದಳು. ಬಿಚ್ಚುವ ಪ್ರೋಗ್ರಾಮು ಬೇರೆ ಫ್ಲಾಪಿಯಲ್ಲಿತ್ತು. ಆ ಫ್ಲಾಪಿ ಅವಳ ಪರ್ಸಿನಲ್ಲೇ ಇತ್ತು. ದೇಸಾಯಿಯವರ ಗಾಡಿ ದಾದರಿನಿಂದ ಐದೂವರೆಗೆ. ಚಪ್ಪಲಿಯ ಪಟ್ಟಿ ಹಾಕಿಕೊಳ್ಳದೆ ಸ್ಟೇಷನ್ನಿಗೆ ಓಡಿದಳು.

ಆರಾಯಿತು. ಏಳಾಯಿತು. ರಸ್ತೆ ಕಾಣುವ ಗ್ಯಾಲರಿಗೂ ಅಡಿಗೆಮನೆಗೂ ನಡೆದದ್ದೇ ನಡೆದದ್ದು. ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುವವರೆಲ್ಲ ಕಣ್ಣ ಮುಂದೆ ಬಂದರು. ನೌಕರಿ ಹಾಳಾಗಲಿ, ಹುಡುಗಿ ಬಂದರೆ ಸಾಕು ಎನ್ನಿಸಿತು. ಸುಮ್ಮನೆ ಕೂರಲಾರದೆ ಬಾಣಲೆ ಇಟ್ಟೆ. ಮೊದಲ ಹಿಡಿ ಸಂಡಿಗೆ ಸೀದುಹೋಯಿತು.

ಏಳೂವರೆಗೆ ಬಂದಳು. “ಸಿಕ್ಕಿದ್ರು ಅಜ್ಜಿ! ಗಾಡಿ ಹತ್ತುತಾ ಇದ್ರು! ಹೇಗೆ ಬಿಚ್ಚೋದು ಅಂತ ಚೀಟಿ ಭೀ ಬರ್ದು ಕೊಟ್ಟೆ. ವಾಪಸ್ ಬರ್ತಾ ಲೋಕಲ್ ನಿಂತುಬಿಡ್ತು.”

“ಕೈ ತೊಳಿ,” ಎಂದೆ. ಅಷ್ಟೇ.

ಸೋಮವಾರ ಪುಣೆಯಲ್ಲಿ ಎಲ್ಲ ಸರಿಯಾಗಿಯೇ ಅರಳಿತು, ಅದು ಬಿಡಿ. ನಾನು ಹೇಳಹೊರಟದ್ದು ಆ ಸಂಜೆಯ ಮಾತು. ಅವಳು ಕೈ ತೊಳೆದು ಬಂದು, ಹತ್ತು ಜನಕ್ಕಾಗುವಷ್ಟು ಕರಿದಿಟ್ಟ ಸಂಡಿಗೆಯ ರಾಶಿಯನ್ನು ನೋಡಿದಳು, ನನ್ನ ಮುಖ ನೋಡಿದಳು.

“ಇಷ್ಟೊಂದು ಹೆದರಿದ್ಯಾ, ಅಜ್ಜಿ?”

ನನ್ನ ಗಂಟು ಬಿಚ್ಚಲು ಇವಳಿಗೆ ಚೀಟಿ ಬೇಕಾಗಲಿಲ್ಲ.