ಚಳಿಯ ಮೇಲೆ ಹೊರಿಸಿದ ತಪ್ಪು

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಬೀಗ ಹಾಕಿ ಹತ್ತು ಹೆಜ್ಜೆ ನಡೆದ ಮೇಲೆ, ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು ಜಗ್ಗಿ ನೋಡುವವನು ನಾನು. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನಿಗೆ ಸಂದೇಹ ಭೂಷಣವೆಂದುಕೊಳ್ಳುತ್ತೇನೆ. ಹೆಂಡತಿ ರಾಜಮ್ಮ ಅದನ್ನು ಮರೆವು ಎನ್ನುತ್ತಾಳೆ. ಇದಕ್ಕೆ ನನ್ನ ತಾಯಿ ಕಲಿಸಿದ ಮದ್ದೊಂದಿದೆ: ಮರೆಯಬಾರದ ಕೆಲಸವಿದ್ದರೆ ಹೊದ್ದ ಬಟ್ಟೆಯ ತುದಿಗೆ ಗಂಟು ಹಾಕಿಕೊಳ್ಳುವುದು.

ಇಂಥವನು ಕೊಳ್ಳಬಾರದಿದ್ದ ವಸ್ತುವೆಂದರೆ ಡೀಸೆಲ್ ಕಾರು. ನಮ್ಮದು ಹಳೆಯ ಟ್ಯಾಕ್ಸಿ. ಹಿಂದಿನ ಯಜಮಾನ ಪೆಟ್ರೋಲ್ ಇಂಜಿನ್ ಕಿತ್ತು ಡೀಸೆಲ್ಲಿನದನ್ನು ಕೂರಿಸಿದ್ದ. ಬೇಸಗೆಯಲ್ಲಿ ಸಾಧು, ಧನುರ್ಮಾಸ ಬಂತೆಂದರೆ ಏಳಲೊಲ್ಲದು. ಮೊದಲು ಹೀಟರ್ ಗುಂಡಿ ಒತ್ತಿ ಇಂಜಿನ್ನಿನ ಒಳಗನ್ನು ಕಾಯಿಸಬೇಕು, ಎದುರಿನ ಸಣ್ಣ ತಂತಿ ಕೆಂಪಾದ ಮೇಲೆ ಸ್ಟಾರ್ಟ್ ಮಾಡಬೇಕು. ನಿಲ್ಲಿಸುವುದೂ ಬೇರೆ ಬಗೆ. ಡೀಸೆಲ್ ತಡೆಯುವ ಒಂದು ಹಿಡಿಯನ್ನು ಹೊರಕ್ಕೆಳೆಯಬೇಕು. ಇಂಜಿನ್ ಸುಮ್ಮನಾದ ಮೇಲೆ ಮತ್ತೆ ಒಳಕ್ಕೆ ತಳ್ಳಬೇಕು.

ಆ ದಿನ ಮಗಳು ವಸಂತಿಗೆ ಮಂಡ್ಯದ ಹೈಸ್ಕೂಲೊಂದರಲ್ಲಿ ಕೆಲಸದ ಸಂದರ್ಶನ. ಏಳು ಗಂಟೆಯ ರೈಲು ತಪ್ಪಿದರೆ ಕೆಲಸವೂ ತಪ್ಪಿದಂತೆ. ಹಿಂದಿನ ಸಂಜೆ ಜಟಕಾದವನು, "ಬೆಳಿಗ್ಗೆ ಬರ್ಲಾ ಸ್ವಾಮಿ?" ಎಂದಿದ್ದ. "ಮನೇಲಿ ಕಾರಿದೆಯಲ್ಲಯ್ಯ" ಎಂದು ಗತ್ತಿನಿಂದ ಕಳಿಸಿದ್ದೆ.

ಆರೂಕಾಲಿಗೆ ಕೃಷ್ಣಮೂರ್ತಿಪುರದ ನಮ್ಮ ಬೀದಿಯ ತುಂಬ ಮಂಜು. ತಂತಿ ಕೆಂಪಾಯಿತು, ಕಾರು ಗೊರಗೊರ ಎಂದಿತು, ಅಷ್ಟೇ. ಕಾವು ಸಾಲದೇನೋ ಎಂದು ಮತ್ತೆ ಕಾಯಿಸಿದೆ. ಬ್ಯಾಟರಿಯನ್ನು ಶಂಕಿಸಿದೆ. ಕೊನೆಗೆ ಚಳಿಯನ್ನೇ ಬೈದೆ. ರಾಜಮ್ಮ ಹಂಡೆಯ ಬಿಸಿನೀರಲ್ಲಿ ಗೋಣಿಚೀಲ ಅದ್ದಿ ತಂದು ಇಂಜಿನ್ನಿಗೆ ಹೊದಿಸಿದಳು. "ಬಾಣಂತಿಗೂ ಇಷ್ಟು ಕಾವು ಕೊಡಲ್ಲ ಕಣ್ರೀ!"

"ಅಪ್ಪ, ನಡೆದೇ ಹೋಗ್ಬಿಡ್ತೀನಿ" ಎಂದಳು ವಸಂತಿ, ಗಡಿಯಾರ ನೋಡುತ್ತಾ. ಆಗಲೇ ಆರೂವರೆ. ನಡೆದರೆ ಅರ್ಧ ದಾರಿಯಲ್ಲೇ ರೈಲಿನ ಕೂಗು ಕೇಳುತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಬಸ್ ಡ್ರೈವರ್ ನಿಂಗೇಗೌಡರು ಬೇವಿನ ಕಡ್ಡಿ ಅಗಿಯುತ್ತಾ ಬಂದು ಕಾರಿನ ಹಿಂದೆ ನಿಂತರು. "ಮೇಷ್ಟ್ರೇ, ಒಗೆನೇ ಬತ್ತಾ ಇಲ್ವಲ್ಲ! ಬರೀ ಚಳಿ ಆಗಿದ್ರೆ ಬಿಳೀ ಒಗೆನಾದ್ರೂ ಬರ್ಬೇಕಿತ್ತು. ಇಂಜಿನ್ನಿಗೆ ಡೀಸೆಲ್ಲೇ ಓಗ್ತಿಲ್ಲ ಕಣ್ರೀ."

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸಬೇಕು: ಈ ಉದಾಹರಣೆಯನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದವನು ನಾನು. ನನ್ನ ಕಾರಿಗೆ ಹೊಗೆಯಿಲ್ಲದ್ದನ್ನು ಗೌಡರು ನೋಡಬೇಕಾಯಿತು.

"ಮೊನ್ನೆ ತಾನೆ ಡೀಸೆಲ್ ತುಂಬಿಸಿದ್ದೀನಿ" ಎನ್ನುತ್ತಾ ಶಾಲು ಬಿಗಿದುಕೊಂಡೆ. ವಸಂತಿ ಅದರ ತುದಿ ಹಿಡಿದಳು. "ಈ ಗಂಟು ಏತಕ್ಕಪ್ಪ?"

"ಅದೇ ಗೊತ್ತಾಗ್ತಿಲ್ಲ."

"ನಿನ್ನೆ ಕಾರಿಂದ ಇಳೀತಾ ಹಾಕ್ಕೊಂಡ್ರಿ."

ಹೊಳೆಯಿತು. ಇಂಜಿನ್ ಪೂರ್ತಿ ನಿಂತಿದೆಯೋ ಇಲ್ಲವೋ ಎಂಬ ಸಂದೇಹಕ್ಕೆ, ಎಳೆದ ಹಿಡಿಯನ್ನು ಹಾಗೇ ಬಿಟ್ಟಿದ್ದೆ. ಕಾಫಿ ಕುಡಿದು ಬಂದು ತಳ್ಳಬೇಕೆಂದು ಗಂಟು ಹಾಕಿಕೊಂಡಿದ್ದೆ. ಗಂಟು ತನ್ನ ಕೆಲಸ ಮಾಡಿತ್ತು. ನಾನು ಗಂಟನ್ನೇ ಮರೆತಿದ್ದೆ.

ಹಿಡಿ ತಳ್ಳಿದೆ. ಬ್ಯಾಟರಿ ಸೋತಿತ್ತು; ಗೌಡರೂ ಹಾಲಿನವನೂ ಸೇರಿ ಕಾರು ತಳ್ಳಿದರು. ಬೀದಿಯ ತಿರುವಿನಲ್ಲಿ ಅದು ಕೆಮ್ಮಿತು, ನಡುಗಿತು, ಬಿಳಿಯ ಹೊಗೆ ಉಗುಳಿ ಗುಡುಗಿತು. ಅಷ್ಟು ಚೆಂದದ ಹೊಗೆಯನ್ನು ನಾನು ಕಂಡಿರಲಿಲ್ಲ.

ಗಾರ್ಡು ಹಸಿರು ಬಾವುಟ ಎತ್ತುವ ಹೊತ್ತಿಗೆ ವಸಂತಿ ಡಬ್ಬಿ ಹತ್ತಿದಳು. ಕಿಟಕಿಯಿಂದ ಕೂಗಿದಳು: "ಅಪ್ಪ, ಗಂಟು ಬಿಚ್ಕೊಳಿ!"

ಬಿಚ್ಚಲಿಲ್ಲ. ಸಂಜೆಯ ರೈಲಿಗೆ ಅವಳನ್ನು ಕರೆತರಲು ಬೇಕಲ್ಲ. ಮನೆಗೆ ಬಂದು ರಾಜಮ್ಮನಿಗೆ ಹಾಗೆಂದೆ.

"ನೀವು ಬಿಚ್ಚಿ" ಎಂದು ಅವಳು ತನ್ನ ಸೆರಗಿಗೆ ಗಂಟು ಹಾಕಿಕೊಂಡು ಕಾಫಿ ಕೊಟ್ಟಳು.

ನನ್ನ ನೆನಪನ್ನು ನಾನು ಈಗಲೂ ನಂಬುವುದಿಲ್ಲ. ಆದರೂ ನೆಮ್ಮದಿಯಾಗಿದ್ದೇನೆ, ಅದು ಈಗ ಇನ್ನೊಬ್ಬರ ಸೆರಗಿನಲ್ಲಿದೆ.