ಬಚ್ಚಲ ಬೆಂಕಿ

ಹಾರವಾಡದ ಹೊನ್ನುವಿಗೆ ಬೀಡಿಯ ವಾಸನೆಯೂ ಆಗುತ್ತಿರಲಿಲ್ಲ. ಬೀಡಿ ಸೇದುವ ಗಂಡ ಬೊಮ್ಮಯ್ಯ ಈಗಲೂ ದೋಣಿ ಎಳೆಯುತ್ತಿದ್ದ. ಮೀನಿನ ಬುಟ್ಟಿ ಹೊತ್ತು ಅಂಕೋಲೆಯ ಕೇರಿ ಕೇರಿ ಸುತ್ತಿದ್ದ ಇವಳಿಗೆ ಅಂಗಳ ದಾಟುವಷ್ಟರಲ್ಲಿ ಉಸಿರು ಸಾಲುತ್ತಿರಲಿಲ್ಲ.

ಕಾರವಾರದ ಆಸ್ಪತ್ರೆಯೊಂದರಲ್ಲಿ ಹೀಗೆ ಉಸಿರು ಸಾಲದವರಿಗೆ ವ್ಯಾಯಾಮ ಮಾಡಿಸಿ ನೋಡುವ ಸಂಶೋಧನೆ ನಡೆದಿತ್ತು. ಫಿಸಿಯೋಥೆರಪಿಯ ವೈಜಯಂತಿ ಅವಳ ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಸಿಕ್ಕಿಸಿ ಕಾರಿಡಾರಿನಲ್ಲಿ ನಡೆಸಿದಳು. ಮೂಗಿನಿಂದ ಉಸಿರೆಳೆದು, ತುಟಿ ಚೂಪು ಮಾಡಿ, ಮೆಲ್ಲಗೆ, ಉದ್ದಕ್ಕೆ ಊದಲು ಕಲಿಸಿದಳು. ಮನೆಯಲ್ಲಿ ಕಟ್ಟಿಗೆ ಒಲೆಯಿದೆಯೇ ಎಂದು ಕೇಳಿದಾಗ ಹೊನ್ನು, "ಇಲ್ಲ ಅಕ್ಕೋರೆ, ಗ್ಯಾಸ್ ಬಂದು ಎಷ್ಟೋ ವರ್ಷ ಆಯ್ತು" ಅಂದಳು. ಸುಳ್ಳು ಹೇಳಲಿಲ್ಲ. ಅಡುಗೆಮನೆ ಮಾತ್ರ ಅವಳ ಕಣ್ಣ ಮುಂದೆ ಬಂದದ್ದು. ದಿನಾ ಬಚ್ಚಲಲ್ಲಿ ಹಂಡೆಯ ಕೆಳಗೆ ತೆಂಗಿನ ಸಿಪ್ಪೆ, ಗರಿಯ ಮಡಲು ತುರುಕಿ ಮನೆಮಂದಿಗೆಲ್ಲ ತಾನು ನೀರು ಕಾಯಿಸುತ್ತ ಬಂದದ್ದು ನೆನಪಿಗೇ ಬರಲಿಲ್ಲ. ಅವಳಿಗೆ ಉಸಿರು ಸಾಲದಾದ ಮೇಲೆ ಆ ಬೆಂಕಿ ಸೊಸೆ ಪ್ರಗತಿಯ ಪಾಲಾಗಿತ್ತು. ಪ್ರಗತಿ ಆಗಲೇ ಬಸುರಿ.

ಮಳೆ ಮುಗಿದು ದೋಣಿಗಳು ಕಡಲಿಗಿಳಿಯುವ ಹೊತ್ತಿಗೆ ಹೊನ್ನು ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಯವರೆಗೆ ಎಲ್ಲೂ ಕೂರದೆ ನಡೆದಳು. ಸಂಜೆ ಮನೆಗೆ ಬಂದು ಹಿಗ್ಗಿನಿಂದ ಹೇಳಿಕೊಂಡಳು.

ಮೈಗೆಲ್ಲ ಉಪ್ಪು ಹತ್ತಿಸಿಕೊಂಡು ಜಗಲಿಯಲ್ಲಿ ಕೂತಿದ್ದ ಬೊಮ್ಮಯ್ಯ ಬೀಡಿ ಹಚ್ಚಿ ನಕ್ಕ. "ಕಾರವಾರ ಪೇಟೆ ಸುತ್ತೂಕೆ ಆಗ್ತದೆ, ನೀರು ಕಾಸೂಕೆ ಆಗೂದಿಲ್ವೇ?"

ಬಚ್ಚಲಿನಿಂದ ಕೆಮ್ಮು ಕೇಳಿಸಿತು. ಒಣ, ಸಣ್ಣ ಕೆಮ್ಮು. ಹೊನ್ನುವಿಗೆ ಅದರ ಗುರುತಿತ್ತು. ಅವಳದೂ ಹಾಗೆಯೇ ಶುರುವಾಗಿತ್ತು. ಆಸ್ಪತ್ರೆಯಲ್ಲಿ ಕಟ್ಟಿಗೆ ಒಲೆಯ ಬಗ್ಗೆ ಕೇಳಿದ್ದು ಯಾಕೆಂದು ಆಗ ಅವಳಿಗೆ ತಿಳಿಯಿತು.

"ಏಳೇ, ಹೊರಗೆ ಹೋಗು," ಎಂದಳು ಬಚ್ಚಲಿಗೆ ಹೋಗಿ ಸೊಸೆಗೆ.

"ಅತ್ತೆ, ನಿಮ್ಗೆ ಹೊಗೆ ಬ್ಯಾಡ ಹೇಳಿ ಡಾಕ್ಟರು ಹೇಳಿದ್ರಲ್ಲ?"

"ಹೊಟ್ಟೇಲಿ ಇದ್ದದ್ದಕ್ಕೂ ಬ್ಯಾಡ. ಏಳು."

ಜಗಲಿಯಲ್ಲಿ ಬೊಮ್ಮಯ್ಯ ಕೂತಿದ್ದಾನೆ, ಅವನ ಎದೆ ಗಟ್ಟಿಯಿದೆ, ನೀರು ಅವನೂ ಕಾಸಬಹುದು ಎಂಬುದು ಅವನೂ ಸೇರಿ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ.

ಹೊನ್ನು ಕುಕ್ಕರುಗಾಲಲ್ಲಿ ಕೂತಳು. ಮಡಲು ಇನ್ನೂ ಹಸಿ. ಹೊಗೆ ಹಂಚಿಗೆ ಬಡಿದು ಕೆಳಗಿಳಿಯುತ್ತಿತ್ತು. ತುಟಿ ಚೂಪು ಮಾಡಿ, ಕಲಿಸಿದ ಹಾಗೆಯೇ ಮೆಲ್ಲಗೆ, ಉದ್ದಕ್ಕೆ ಊದಿದಳು. ಬೆಂಕಿ ಭಗ್ಗನೆ ಎದ್ದಿತು. ಸೊಸೆಯ ಕೈಯಲ್ಲಿ ಒಂದು ದಿನವೂ ಹೀಗೆ ಹೊತ್ತಿರಲಿಲ್ಲ.

ಟವೆಲು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದ ಬೊಮ್ಮಯ್ಯ, ಇನ್ನು ದಿನಾ ನೀನೇ ಕಾಸು ಎಂದು ಮೆಚ್ಚಿಕೊಂಡ.

ಉರಿ ತಗ್ಗಿತು. ಮತ್ತೆ ಊದಬೇಕಾದರೆ ಮೊದಲು ಉಸಿರೆಳೆಯಬೇಕು. ಸುತ್ತ ಹೊಗೆ ಬಿಟ್ಟರೆ ಬೇರೇನಿರಲಿಲ್ಲ. ಅದನ್ನೇ ಎಳೆದುಕೊಂಡಳು.