ಆ ಓಣಿ ನಮ್ಮದಾಗಿರಲಿಲ್ಲ

ನಾನು ಸುಳ್ಳು ಹೇಳಿದೆ, ಸುಜಾತಾ ಮೇಡಂ. ನಿಮ್ಮ ಸೈಟಿನ ಮುಂದೆ ನಿಂತು ಇಂಜಿನಿಯರು ಈ ಓಣಿ ಯಾರದು ಎಂದು ಕೇಳಿದಾಗ, ಗೊತ್ತಿದ್ದೂ ಸುಳ್ಳು ಹೇಳಿದೆ. ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ನಮ್ಮ ಯಜಮಾನರು ಪಕ್ಕದಲ್ಲಿದ್ದರು ನಿಜ, ಆದರೆ ಬಾಯಿ ನನ್ನದು.

ಆಗ ನಾನು ನಿಮ್ಮನ್ನು ಒಂದು ಸಲವೂ ‘ನೀವು’ ಅಂದವಳಲ್ಲ. ಬೆನ್ನ ಹಿಂದೆ ‘ಅವಳು’. ಎದುರಿಗೆ ಸಿಕ್ಕರೆ ಯಾರಿಗೋ ಹೇಳಿದ ಹಾಗೆ ಗೋಡೆ ನೋಡಿಕೊಂಡು ಮಾತು. ಈಗ ‘ನೀವು’ ಎಂದು ಬರೆಯುತ್ತಿದ್ದೇನೆ — ಕೈಗೆ ಇನ್ನೂ ಪೂರ್ತಿ ರೂಢಿಯಾಗಿಲ್ಲ. ಅದನ್ನೂ ಮುಚ್ಚಿಡುವುದಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಅರಸೀಕೆರೆಯಲ್ಲಿ ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ನೀವು ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಿದ್ದಿರಿ. ನಮ್ಮ ಮಗಳು ಗಿರಿಜೆ ನಿಮ್ಮ ಕ್ಲಾಸಿನಲ್ಲೇ ಇದ್ದಳು. ನಿಮ್ಮ ಯಜಮಾನರಿಗೆ ರೈಲ್ವೆ ಕೆಲಸ, ವಾಸ ಕ್ವಾರ್ಟರ್ಸಿನಲ್ಲಿ. ಅವರು ರಿಟೈರ್ ಆಗುವ ಕಾಲ ಹತ್ತಿರ ಬಂದಿತ್ತು. ಆದ ಮೇಲೆ ಕ್ವಾರ್ಟರ್ಸ್ ಖಾಲಿ ಮಾಡಲೇಬೇಕು. ಅದಕ್ಕೇ ನಮ್ಮ ಮನೆಯ ಹಿಂದಿನ ಖಾಲಿ ಸೈಟು ಕೊಂಡಿರಿ. ಅಲ್ಲಿಗೆ ಹೋಗಲು ಇದ್ದದ್ದು ನಮ್ಮ ಗೋಡೆ ಪಕ್ಕದ ಓಣಿಯೊಂದೇ.

ಓಣಿ ಸಾರ್ವಜನಿಕ. ನಾನು ಸೊಸೆಯಾಗಿ ಬಂದ ಹೊಸದರಲ್ಲೇ ಪುರಸಭೆಯವರು ಅಲ್ಲಿ ಚರಂಡಿ ತೋಡಿಸಿ ದೀಪದ ಕಂಬ ನೆಡಿಸಿದ್ದರು. ಆ ಕೆಲಸದವರಿಗೆ ಮಜ್ಜಿಗೆ ಕೊಟ್ಟವಳು ನಾನೇ.

ನೀವು ಮೊದಲ ಸಲ ಸೈಟು ನೋಡಲು ಬಂದ ದಿನ ಸುಡುಬಿಸಿಲು. ಕುಡಿಯಲು ನೀರು ಕೇಳಿದಿರಿ. ಅಡುಗೆಮನೆಯಲ್ಲಿ ಸ್ಟೀಲ್ ಲೋಟಗಳನ್ನು ಬೋರಲು ಹಾಕಿತ್ತು. ನಾನು ಅವನ್ನು ಮುಟ್ಟದೆ, ಯಾವುದೋ ಮದುವೆಯಲ್ಲಿ ಮಿಕ್ಕಿದ್ದ ಪ್ಲಾಸ್ಟಿಕ್ ಲೋಟವೊಂದನ್ನು ಅಟ್ಟದಿಂದ ಹುಡುಕಿ ತೆಗೆದೆ. ನೀವು ಬುದ್ಧನ ಪಟ ಇಟ್ಟುಕೊಳ್ಳುವ ಜನ ಎಂದು ಅಷ್ಟರಲ್ಲಿ ನನಗೆ ಯಾರೋ ಹೇಳಿದ್ದರು. ‘ಯಾವ ಜನ’ ಎನ್ನುವುದನ್ನೂ ಹೇಳಿದ್ದರು — ನಾನೇ ಕೇಳಿ ಹೇಳಿಸಿಕೊಂಡಿದ್ದೆ. ನೀವು ಲೋಟ ನೋಡಿದಿರಿ, ನನ್ನನ್ನೂ ನೋಡಿದಿರಿ. ಕುಡಿಯದೆ ಅದನ್ನು ಜಗಲಿಯ ಮೇಲಿಟ್ಟಿರಿ.

“ನಾಳೆಯಿಂದ ನೀರು ನಾವೇ ತರ್ತೀವಿ, ಬಿಡಿ.”

ಅಷ್ಟೇ. ನನಗೆ ಮೈಯೆಲ್ಲ ಉರಿಯಿತು. ನನ್ನ ಮನೆ ಬಾಗಿಲಲ್ಲಿ ನಿಂತು ನನ್ನ ನೀರು ಬೇಡವೆನ್ನುವಷ್ಟು ಸೊಕ್ಕೇ ಅನ್ನಿಸಿತು. ಯಾಕೆ ಬೇಡವೆಂದಿರಿ ಎನ್ನುವುದು ಮಾತ್ರ ನನ್ನ ತಲೆಗೆ ಹೋಗಲಿಲ್ಲ. ಹೋಗಿತ್ತೇನೋ. ಒಳಗೆ ಬಿಟ್ಟುಕೊಳ್ಳಲಿಲ್ಲ.

ಅಲ್ಲಿಂದ ಜಗಳ. ನಮ್ಮ ತೆಂಗಿನ ಸಿಪ್ಪೆಯನ್ನು ನಿಮ್ಮ ಸೈಟಿಗೆ ಸುರಿಸಿದೆ. ನೀವೂ ಸುಮ್ಮನಿರುವವರಲ್ಲ; ಕೂಲಿಯವರಿಂದ ಅಷ್ಟನ್ನೂ ಎತ್ತಿಸಿ ನಮ್ಮ ಬಾಗಿಲಿಗೆ, ಆಗತಾನೇ ಹಾಕಿದ್ದ ರಂಗೋಲಿಯ ಮೇಲೇ ಹಾಕಿಸಿದಿರಿ. ನಾನು ಕೂಗಾಡಿದೆ. ನೀವು ಕೈಕಟ್ಟಿಕೊಂಡು ನಿಂತು ಕೇಳಿ, “ಆಯ್ತಾ?” ಅಂದಿರಿ. ಆ ‘ಆಯ್ತಾ’ ನೆನೆದರೆ ಇವತ್ತಿಗೂ ನನ್ನ ಹಲ್ಲು ಬಿಗಿಯುತ್ತದೆ. ನಿಮ್ಮ ಮೇಲೆ ನನಗೆ ಪ್ರೀತಿ ಹುಟ್ಟಿದೆ ಎಂದು ತಿಳಿಯಬೇಡಿ. ಇದನ್ನು ಬರೆಯಲು ಪ್ರೀತಿ ಬೇಕಾಗಿಲ್ಲ.

ಮನೆ ಕಟ್ಟುವ ಲೈಸೆನ್ಸಿಗೆ ನೀವು ಅರ್ಜಿ ಕೊಟ್ಟಿರಿ. ಸ್ಥಳ ನೋಡಲು ಪುರಸಭೆಯ ಇಂಜಿನಿಯರು ಬಂದರು. ಹೊಸಬರು, ಊರಿನ ಪರಿಚಯವಿಲ್ಲ. ಓಣಿಯ ಹಳೆಯ ದಾಖಲೆ ಸ್ಪಷ್ಟವಾಗಿರಲಿಲ್ಲವಂತೆ. ಅದಕ್ಕೆ ಅಕ್ಕಪಕ್ಕದವರನ್ನು ವಿಚಾರಿಸಲು ಹೊರಟರು.

“ಈ ಓಣಿ ಸಾರ್ವಜನಿಕವಾ, ಇಲ್ಲ ನಿಮ್ಮ ಸ್ವಂತದ್ದಾ?” ಎಂದು ನಮ್ಮ ಯಜಮಾನರನ್ನು ಕೇಳಿದರು. ಅವರು ತಡವರಿಸಿದರು. ಅವರು ಏನು ಹೇಳುತ್ತಿದ್ದರೋ ಗೊತ್ತಿಲ್ಲ — ನಾನು ಬಿಡಲಿಲ್ಲ.

“ಸ್ವಂತದ್ದು. ನಮ್ಮ ಮಾವನೋರು ಓಡಾಡ್ಲಿ ಅಂತ ಬಿಟ್ಟಿದ್ದು. ಯಾವತ್ತಾದ್ರೂ ಬೇಲಿ ಹಾಕ್ಕೋತೀವಿ.”

ಬೆಳಗ್ಗೆ ಲಿಂಗಪೂಜೆ ಮುಗಿಸಿ ಬಂದಿದ್ದೆ. ಹಣೆಯ ವಿಭೂತಿ ಹಾಗೇ ಇತ್ತು. ಅದನ್ನು ನೋಡಿಯೇ ಇಂಜಿನಿಯರು ನನ್ನ ಮಾತು ನಂಬಿರಬೇಕು.

ನೀವು ಮುಂದೆ ಬಂದಿರಿ. “ಮತ್ತೆ ದೀಪದ ಕಂಬ? ಸ್ವಂತದ ಓಣಿಗೆ ಯಾರ್ರೀ ಕಂಬ ನೆಡ್ತಾರೆ?”

“ಮಾವನೋರು ಹೇಳಿ ಹಾಕಿಸ್ಕೊಂಡಿದ್ದು.”

“ನೀವು ಹೇಳ್ತಿರೋದು ಸುಳ್ಳು ಅಂತ ನಿಮಗೇ ಗೊತ್ತೈತೆ!”

ಸ್ಕೂಲಿನಲ್ಲಿ ಅಷ್ಟು ತಿದ್ದಿ ಮಾತಾಡುವ ನಿಮ್ಮ ಬಾಯಲ್ಲಿ, ಸಿಟ್ಟಿಗೆ, ಹಳ್ಳಿಯ ‘ಐತೆ’ ಬಂತು. ನಾನು ನಕ್ಕೆ. ಇಂಜಿನಿಯರಿಗೆ ಕೇಳಲೆಂದೇ ಗಟ್ಟಿಯಾಗಿ ನಕ್ಕೆ. ಸುಳ್ಳಿಗಿಂತ ಆ ನಗು — ಬೇಡ, ಯಾವುದು ಹೆಚ್ಚು ಎಂದು ತೂಗುವ ಹಕ್ಕು ನನಗಿಲ್ಲ. ಓಣಿಯಲ್ಲಿ ಉಳಿದವರೂ ಬಾಗಿಲಲ್ಲಿ ನಿಂತಿದ್ದರು. ಯಾರೂ ತುಟಿ ಬಿಚ್ಚಲಿಲ್ಲ.

“ದಾರಿ ಇಲ್ಲದ ಸೈಟಿಗೆ ಲೈಸೆನ್ಸ್ ಕೊಡೋಕಾಗಲ್ಲ ಮೇಡಂ. ಕೋರ್ಟಲ್ಲಿ ತೀರ್ಮಾನ ಮಾಡಿಸ್ಕೊಂಡು ಬನ್ನಿ,” ಎಂದು ಇಂಜಿನಿಯರು ಹೊರಟುಹೋದರು.

ನೀವು ಕಚೇರಿಗೂ ವಕೀಲರ ಮನೆಗೂ ಅಲೆದದ್ದು ನನಗೆ ಗೊತ್ತು. ಅಷ್ಟರಲ್ಲಿ ನಿಮ್ಮ ಯಜಮಾನರು ರಿಟೈರ್ ಆದರು, ಕ್ವಾರ್ಟರ್ಸ್ ಬಿಟ್ಟಿರಿ. ಬಾಡಿಗೆ ಮನೆ ಕೇಳಿದ ಕಡೆಯೆಲ್ಲ, ನಾನು ಕೇಳಿದ್ದ ‘ಯಾವ ಜನ’ ಎಂಬ ಪ್ರಶ್ನೆಯನ್ನೇ ನಿಮಗೂ ಕೇಳಿದರಂತೆ. ಕೊನೆಗೆ ಬೇಲೂರು ಕಡೆಗೆ ವರ್ಗ ಮಾಡಿಸಿಕೊಂಡು ಹೋದಿರಿ. ದಾರಿಯಿಲ್ಲದ ಸೈಟನ್ನು ಕೊಳ್ಳುವವರು ಯಾರು? ನಾವು ಕೊಂಡೆವು. ಅಲ್ಲಿ ಕೊಬ್ಬರಿ ಗೋದಾಮು ಕಟ್ಟಲು ನಾವು ಅರ್ಜಿ ಹಾಕಿದಾಗ, ಓಣಿ ಸಾರ್ವಜನಿಕ ಎಂದು ನಮ್ಮ ಯಜಮಾನರೇ ಹೇಳಿದರು. ಅಕ್ಕಪಕ್ಕದವರೂ ಹೌದೆಂದರು. ಲೈಸೆನ್ಸ್ ಬಂತು. ಲಾರಿಗಳು ಅದೇ ಓಣಿಯಲ್ಲಿ ಬಂದವು.

ಗಿರಿಜೆಗೆ ಮಾತ್ರ ಬೇರೆಯೇ ಕತೆ ಹೇಳಿದೆ. ‘ನಿಮ್ಮ ಮೇಡಂ ನಮ್ಮ ಓಣಿ ಹೊಡೆದುಕೊಳ್ಳಲು ನೋಡಿದರು’ ಅಂದೆ. ನಿಮ್ಮನ್ನು ಕಂಡರೆ ಪ್ರಾಣ ಬಿಡುತ್ತಿದ್ದ ಹುಡುಗಿ. ನೀವು ಊರು ಬಿಡುವಾಗ ಶಾಲೆಯಲ್ಲಿ ನಡೆದ ಬೀಳ್ಕೊಡುಗೆಯಲ್ಲಿ, ನೀವು ಹತ್ತಿರ ಕರೆದರೂ ಬರದೆ ಎದ್ದು ಹೋದಳಂತೆ. ಆ ದಿನ ನಾನು ಅವಳಿಗೆ ಕಾಯಿಹೋಳಿಗೆ ಮಾಡಿಕೊಟ್ಟೆ.

ವರ್ಷಗಳು ಕಳೆದವು. ಹೋದ ವರ್ಷ ನೆಂಟರ ಮನೆಗೆಂದು ಬೇಲೂರಿನಿಂದ ಹಳೇಬೀಡಿನ ಬಸ್ಸು ಹತ್ತಿದೆ. ದಾರಿಯಲ್ಲಿ ಎದುರಿನ ಸೀಟಿನವರೊಬ್ಬರು ಇಳಿದರು, ಅವರ ಪಕ್ಕದಲ್ಲಿ ನೀವು. ತಲೆ ಪೂರ್ತಿ ನೆರೆತಿತ್ತು. ನಾನು ಎದ್ದು ನಿಮ್ಮ ಪಕ್ಕದ ಖಾಲಿ ಜಾಗದ ಹತ್ತಿರ ಬಂದೆ. ನೀವು ನನ್ನ ಗುರುತು ಹಿಡಿದಿರಿ, ತೊಡೆಯ ಮೇಲಿದ್ದ ಚೀಲ ತೆಗೆದು ಆ ಜಾಗದಲ್ಲಿಟ್ಟಿರಿ. ನಾನು ಕಂಬಿ ಹಿಡಿದು ನಿಂತೇ ಹೇಳಿದೆ.

“ಆ ಓಣಿ ನಮ್ಮದಲ್ಲ ಮೇಡಂ. ನಾನು ಸುಳ್ಳು ಹೇಳಿದ್ದೆ.”

“ಗೊತ್ತು ಕಣ್ರೀ.” ಕಿಟಕಿಯಿಂದ ಮುಖ ತಿರುಗಿಸಲಿಲ್ಲ ನೀವು. “ನಮ್ಮನೆಯೋರು ಬಾಡಿಗೆ ಮನೇಲೇ ಹೋದ್ರು. ನನಗೆ ಗೊತ್ತಿರೋದನ್ನ ನನಗ್ಯಾಕೆ ಹೇಳ್ತೀರಿ? ಗೊತ್ತಿಲ್ದೋರಿಗೆ ಹೋಗಿ ಹೇಳಿ. ಆ ಧೈರ್ಯ ಐತಾ?”

ಈ ಸಲ ನನಗೆ ನಗು ಬರಲಿಲ್ಲ. ಹಳೇಬೀಡಿನಲ್ಲಿ ನೀವು ಇಳಿದು ತಿರುಗಿಯೂ ನೋಡದೆ ಹೋದಿರಿ.

ತಿಪಟೂರಿಗೆ ಹೋಗಿ, ಗಂಡನ ಮನೆಯಲ್ಲಿರುವ ಗಿರಿಜೆಗೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. “ನಾನು ಅವರಿಗೆ ಬೆನ್ನು ಹಾಕಿ ಹೋದೆ ಅಮ್ಮ. ಅದನ್ನ ಈಗ ಹೆಂಗೆ ವಾಪಸ್ ತಗೊಳ್ಳಲಿ?” ಅಂದಳು. ಅಂದಿನಿಂದ ಅವಳು ತವರಿಗೆ ಬಂದಿಲ್ಲ. ಫೋನ್ ಮಾಡಿದರೆ ಅಳಿಯಂದಿರು ಎತ್ತುತ್ತಾರೆ.

ಈಗ ಓಣಿಯ ಮನೆಗಳಿಗೆ ಹೋಗಿ ಹೇಳುತ್ತಿದ್ದೇನೆ. ಅವತ್ತು ಬಾಗಿಲಲ್ಲಿ ನಿಂತವರು, “ಹಳೇದೆಲ್ಲ ಯಾಕೆ ಕೆದಕ್ತೀರಿ, ಹೋಗಿ” ಎನ್ನುತ್ತಾರೆ. ನಮ್ಮ ಯಜಮಾನರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಆದರೂ ಆಮೇಲೆ ಬಂದ ಬಾಡಿಗೆದಾರರಿಗೂ, ಅವರ ಮಕ್ಕಳಿಗೂ, ನಿಮ್ಮ ಹೆಸರು ಹಿಡಿದು ಹೇಳುತ್ತೇನೆ. ಕ್ಷಮಿಸಿ ಎಂದು ಕೇಳಲು ನಿಮ್ಮ ಮನೆಗೆ ಬರುವುದಿಲ್ಲ. ನಿಮ್ಮ ಯಜಮಾನರು ಕಟ್ಟಬೇಕೆಂದಿದ್ದ ಮನೆಯ ನಕ್ಷೆಯಲ್ಲಿ ಎಷ್ಟು ಕೋಣೆಗಳಿದ್ದವು, ಬಾಗಿಲು ಯಾವ ಕಡೆಗಿತ್ತು — ನನಗೆ ಗೊತ್ತಿಲ್ಲ. ಕೇಳುವ ಮುಖವೂ ಇಲ್ಲ.